ಬ್ಯಾಕ್‌ಹ್ಯಾಂಡ್‌ಗೆ ಬಂದ ಚೆಂಡು

“ಅಮ್ಮಾ, ನಿನ್ನ ಬ್ಯಾಕ್‌ಹ್ಯಾಂಡ್‌ಗೆ ಚೆಂಡು ಹಾಕಿದ್ರೆ, ಅದು ವಾಪಸ್ ಬರೋ ಹೊತ್ತಿಗೆ ನಾನು ಒಂದು ಲೋಟ ನೀರು ಕುಡಿದು ಬರಬಹುದು!”

ಮಗಳು ಈ ಮಾತನ್ನು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ತಮ್ಮ ಸರದಿಗೆ ಕಾಯುತ್ತಾ ಕುರ್ಚಿಯಲ್ಲಿ ಕೂತಿದ್ದ ಮೂರನೇ ಮಹಡಿಯ ಅಂಕಲ್ ಕೂಡ ನಕ್ಕರು. ಆದರೆ ಮರುದಿನ ಸಂಜೆ ಏಳು ಗಂಟೆಗೆ ಎಂದಿನಂತೆ ಬ್ಯಾಟ್ ಹಿಡಿದು ಹೊರಟಾಗ ಅವಳು ಪುಸ್ತಕದಿಂದ ತಲೆ ಎತ್ತದೆ, “ಇವತ್ತು ಬೇಡಮ್ಮ” ಎಂದಳು. ಅದರ ಮರುದಿನವೂ ಅದೇ ಉತ್ತರ. ನಾಲ್ಕನೇ ದಿನ ಬಿಡದೆ ಕೇಳಿದಾಗ ತಡವರಿಸುತ್ತಾ ನಿಜ ಹೇಳಿದಳು. “ನಿಧಾನದ ಚೆಂಡಿಗೆ ಆಡಿ ಆಡಿ ನನ್ನ ಟೈಮಿಂಗ್ ಹಾಳಾಗ್ತಿದೆಯಂತೆ. ಕೋಚ್ ಸರ್ ಹೇಳಿದ್ರು. ಬೇಜಾರು ಮಾಡ್ಕೋಬೇಡ.”

ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ನನಗೀಗ 48 ವರ್ಷ. ಈ ವಯಸ್ಸಿನಲ್ಲಿ ನನ್ನ ಚೆಂಡು ನಿಧಾನಕ್ಕೆ ಹೋಗುತ್ತದೆ ಎಂದು ಯಾರಾದರೂ ಅಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ನನ್ನ ಕೈತಪ್ಪಿದ್ದು ಆಟವಲ್ಲ, ಆ ಮುಕ್ಕಾಲು ಗಂಟೆ.

ನಮ್ಮದು ಮೈಸೂರಿನ ಒಂದು ಸಾಧಾರಣ ಅಪಾರ್ಟ್‌ಮೆಂಟ್. ನೆಲಮಹಡಿಯ ಹಾಲಿನಲ್ಲಿ ಒಂದು ಟೇಬಲ್ ಟೆನಿಸ್ ಮೇಜಿದೆ. ಹುಟ್ಟುಹಬ್ಬ, ನಾಮಕರಣ ಇದ್ದಾಗ ಅದನ್ನು ಮಡಚಿ ಗೋಡೆ ಪಕ್ಕ ಸರಿಸುತ್ತಾರೆ. ಮಿಕ್ಕ ದಿನ ನಮ್ಮಂಥವರ ಪಾಲಿಗೆ. ಮೇಜು ಮಗಳ ಎದೆಮಟ್ಟಕ್ಕೆ ಬರುತ್ತಿದ್ದ ವಯಸ್ಸಿನಲ್ಲೇ ಅವಳ ಕೈಗೆ ಬ್ಯಾಟ್ ಕೊಟ್ಟವಳು ನಾನು. ಅಲ್ಲಿಂದ ಒಂಬತ್ತು ವರ್ಷ, ಪರೀಕ್ಷೆ, ಜ್ವರ, ನೆಂಟರು ಬಿಟ್ಟರೆ ಸಂಜೆಯ ಮುಕ್ಕಾಲು ಗಂಟೆ ತಪ್ಪಿದ್ದಿಲ್ಲ. ಹದಿಹರೆಯದ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು “ಏನಾಯ್ತು ಹೇಳು” ಅಂದರೆ ಬಾಯಿ ಬಿಡುವುದಿಲ್ಲ. ಆದರೆ ಚೆಂಡು ಆಚೆಯಿಂದ ಈಚೆ ಓಡಾಡುತ್ತಿರುವಾಗ ಮುಖ ನೋಡಬೇಕಾಗಿಲ್ಲ, ಚೆಂಡು ನೋಡಿದರೆ ಸಾಕು. ಗೆಳತಿಯ ಜೊತೆಗಿನ ಜಗಳ, ಗಣಿತದ ಮೇಷ್ಟ್ರ ಬೈಗುಳ, ಮೊದಲ ಸಲ ಹೊಟ್ಟೆನೋವು ಬಂದದ್ದು ಎಲ್ಲವನ್ನೂ ಅವಳು ನನಗೆ ಹೇಳಿದ್ದು ಆ ಮೇಜಿನ ಮೇಲೆಯೇ. ಈಗ ಅವಳು ಹತ್ತನೇ ಕ್ಲಾಸು. ಇನ್ನೆಷ್ಟು ಸಂಜೆ ಉಳಿದಿವೆ ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ಅಷ್ಟರಲ್ಲೇ ಈ ಮಾತು.

ನನ್ನ ಬ್ಯಾಕ್‌ಹ್ಯಾಂಡ್ ಹೀಗೇಕೆ ಎಂದರೆ ಅದಕ್ಕೊಂದು ಚರಿತ್ರೆಯಿದೆ. ನಾನು ಹುಟ್ಟಿ ಬೆಳೆದದ್ದು ಕಾರ್ಗಲ್‌ನಲ್ಲಿ. ಅಪ್ಪ ಶರಾವತಿ ವಿದ್ಯುತ್ ಯೋಜನೆಯ ನೌಕರರು. ಕಾಲೊನಿಯ ಕ್ಲಬ್ಬಿನಲ್ಲಿ ಒಂದು ಹಳೇ ಮೇಜು. ಮಲೆನಾಡಿನ ಮಳೆ ಶುರುವಾಯಿತೆಂದರೆ ಹೊರಗೆ ಕಾಲಿಡುವಂತಿಲ್ಲ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲೊನಿಯ ಮಕ್ಕಳೆಲ್ಲ ಆ ಮೇಜಿನ ಸುತ್ತ. ಥಂಡಿಗೆ ಬ್ಯಾಟಿನ ರಬ್ಬರ್ ಪಸೆಯಾಗಿ ಚೆಂಡು ಜಾರುತ್ತಿತ್ತು. ಚೆಂಡು ನೆಗ್ಗಿದರೆ ಹೊಸದು ತರಲು ಸಾಗರಕ್ಕೇ ಹೋಗಬೇಕು. ಅಮ್ಮ ಬಚ್ಚಲ ಹಂಡೆಯ ಬಿಸಿನೀರಲ್ಲಿ ಅದನ್ನು ಅದ್ದಿ ಹಿಡಿಯುತ್ತಿದ್ದಳು; ಒಳಗಿನ ಗಾಳಿ ಬಿಸಿಗೆ ಹಿಗ್ಗಿ, ನೆಗ್ಗಿದ್ದು ಪಟ್ ಎಂದು ಉಬ್ಬಿ ಬರುತ್ತಿತ್ತು.

ಅಂಥ ಕಡೆ ರಭಸದಿಂದ ಹೊಡೆಯುವುದು ಅಪರಾಧ. ಅಪ್ಪ ಹೇಳಿಕೊಟ್ಟದ್ದು ಒಂದೇ ಸೂತ್ರ: “ನೀನು ಹೊಡೀಬೇಡ ಮಗಾ. ಚೆಂಡು ವಾಪಸ್ ಕಳಿಸ್ತಾ ಇರು, ತಪ್ಪು ಅವರೇ ಮಾಡ್ತಾರೆ.” ಬ್ಯಾಟನ್ನು ಹೊಟ್ಟೆಯ ಮುಂದೆ ಹಿಡಿದು, ಮುಖವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ಚೆಂಡು ಇಳಿಯುವಾಗ ಮೆತ್ತಗೆ ತಳ್ಳುವುದು. ಆಗ 21 ಪಾಯಿಂಟಿನ ಗೇಮ್, ಐದೈದು ಸರ್ವೀಸ್. ಕಾಯುವವರಿಗೆ ಬೇಕಾದಷ್ಟು ಕಾಲ. ಈ ಒಂದೇ ವಿದ್ಯೆಯಿಂದ ನಾನು ಕಾಲೇಜು ಮಟ್ಟದಲ್ಲಿ ಎರಡು ಕಪ್ ಗೆದ್ದೆ. ಆಮೇಲೆ ಆಟದ ರೂಪವೇ ಬದಲಾಯಿತು. 2000ದಲ್ಲಿ ಚೆಂಡು 38 ಮಿಲಿಮೀಟರಿನಿಂದ 40ಕ್ಕೆ ಹಿಗ್ಗಿತು. 2001ರಲ್ಲಿ ಗೇಮ್ 11 ಪಾಯಿಂಟಿಗೆ ಇಳಿಯಿತು, ಸರ್ವೀಸ್ ಎರಡೆರಡೇ ಆಯಿತು. 2014ರಿಂದ ಸೆಲ್ಯುಲಾಯ್ಡ್ ಬದಲು ಪ್ಲಾಸ್ಟಿಕ್ ಚೆಂಡು ಬಂತು. ಎದುರಿನವರು ತಪ್ಪು ಮಾಡಲಿ ಎಂದು ಕಾಯುತ್ತಾ ಕೂತರೆ ಅಷ್ಟರಲ್ಲಿ ಗೇಮೇ ಮುಗಿದಿರುತ್ತದೆ. ನಾನು ಮಾತ್ರ ಕಾರ್ಗಲ್‌ನ ಕ್ಲಬ್ಬಿನಲ್ಲೇ ನಿಂತುಬಿಟ್ಟಿದ್ದೆ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಈ ತಳ್ಳುವ ಅಭ್ಯಾಸ ಮೇಜಿಗಷ್ಟೇ ಸೀಮಿತವಾಗಿರಲಿಲ್ಲ. ಮನೆಯಲ್ಲಿ ಯಾರು ಏನು ಕೇಳಿದರೂ ನನ್ನ ಬಾಯಲ್ಲಿ ಮೊದಲು ಬರುವ ಮಾತು “ನೋಡೋಣ”. ಸೋಫಾ ಬದಲಾಯಿಸೋಣ್ವಾ? ನೋಡೋಣ. ಊರಿನ ತೋಟದ ಪಾಲು ಮಾತಾಡೋಣ್ವಾ? ನೋಡೋಣ. ಬೇಡ ಅಂದ ಹಾಗೂ ಅಲ್ಲ, ಆಗಲಿ ಅಂದ ಹಾಗೂ ಅಲ್ಲ. ಚೆಂಡು ಅವರ ಅಂಗಳಕ್ಕೆ ಹೋಯಿತು, ಅಷ್ಟೇ. ನಮ್ಮ ಮನೆಯವರು ಇದಕ್ಕೆ “ನೋಡೋಣ ಇಲಾಖೆ” ಎಂದೇ ಹೆಸರಿಟ್ಟಿದ್ದಾರೆ.

ಜುಲೈ ತಿಂಗಳ ಒಂದು ಭಾನುವಾರ, ಮಗಳಿಗೆ ತಿಳಿಯದ ಹಾಗೆ ಅವಳ ಕೋಚನ್ನೇ ಹುಡುಕಿಕೊಂಡು ಹೋದೆ. ಆ ಹುಡುಗನಿಗೆ ಹೆಚ್ಚೆಂದರೆ 27 ವರ್ಷ. ಮಗನ ವಯಸ್ಸಿನವನಾದರೂ ವಿದ್ಯೆ ಕಲಿಸುವವರಿಗೆ “ಸರ್” ಎನ್ನಲೇಬೇಕು.

“ಸರ್, ನನ್ನಿಂದ ನಿಮ್ಮ ಶಿಷ್ಯೆಯ ಟೈಮಿಂಗ್ ಹಾಳಾಗ್ತಿದೆಯಂತೆ?”

ಅವರ ಮುಖ ಕೆಂಪಾಯಿತು. “ಅಯ್ಯೋ, ಹಾಗಲ್ಲ ಮೇಡಂ… ನಾನು ಹೇಳಿದ್ದು…”

“ಸರಿಯಾಗೇ ಹೇಳಿದ್ದೀರಿ. ಈಗ ನನ್ನದನ್ನ ಸರಿಮಾಡಿ.”

ಅವರು ನನ್ನನ್ನು ಆಡಲು ಬಿಟ್ಟು, ಫೋನಿನಲ್ಲಿ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ತೋರಿಸಿದರು. ನಮ್ಮನ್ನು ನಾವು ಹಾಗೆ ನೋಡಿಕೊಳ್ಳುವುದು ಬಲು ಕಷ್ಟದ ಕೆಲಸ. ಮೊಣಕೈ ಪಕ್ಕೆಗೆ ಅಂಟಿಕೊಂಡಿದೆ. ಬ್ಯಾಟಿನ ಮುಖ ಸೀಲಿಂಗ್ ಫ್ಯಾನ್ ನೋಡುತ್ತಿದೆ. ಬೆರಳುಗಳು ಬ್ಯಾಟಿನ ಹಿಡಿಯನ್ನು ಕಾಯಿ ಒಡೆಯುವ ಕತ್ತಿ ಹಿಡಿದಂತೆ ಹಿಡಿದಿವೆ. ಚೆಂಡು ಮೇಲೆದ್ದು, ನಿಂತು, ಇಳಿಯಲು ಶುರುಮಾಡಿದ ಮೇಲೆ ನನ್ನ ಬ್ಯಾಟ್ ಹೊರಡುತ್ತಿದೆ.

“ಮೇಡಂ, ಸೊಂಟದ ಮೇಲೆ ಮಗು ಕೂರಿಸಿಕೊಂಡು ಆಡ್ತಿರೋ ಹಾಗಿದೆ” ಅಂದರು ಸರ್.

ನಾನು ಅಂದುಕೊಂಡಿದ್ದು, ವೇಗ ಬೇಕೆಂದರೆ ಜೋರಾಗಿ ಹೊಡೆಯಬೇಕು, ಅದಕ್ಕೆ ತೋಳಿನಲ್ಲಿ ಶಕ್ತಿ ಬೇಕು ಅಂತ. ಮೊದಲ ದಿನವೇ ಆ ನಂಬಿಕೆ ಹೋಯಿತು. ಫೋರ್‌ಹ್ಯಾಂಡ್‌ನಲ್ಲಿ ಕೈಯನ್ನು ಹಿಂದಕ್ಕೆ ಒಯ್ದು ಸೊಂಟ ತಿರುಗಿಸಿ ಹೊಡೆಯಲು ಜಾಗವಿದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಬ್ಯಾಟ್ ಹಿಂದಕ್ಕೆ ಹೋಗಲು ನಮ್ಮ ಹೊಟ್ಟೆಯೇ ಅಡ್ಡ! ಇರುವ ಜಾಗ ಒಂದು ಗೇಣು. ಅಷ್ಟರೊಳಗೆ ವೇಗ ಹುಟ್ಟಬೇಕಾದರೆ ಅದು ತೋಳಿನಿಂದ ಬರುವುದಿಲ್ಲ. ಮೊಣಕೈ ಸ್ವಲ್ಪ ಮುಂದೆ ನಿಂತು ಬಾಗಿಲ ತಿರುಗಣಿಯಂತೆ ಕೆಲಸ ಮಾಡಬೇಕು. ಮಣಿಕಟ್ಟು ಒಳಕ್ಕೆ ಮಡಚಿ, ಬ್ಯಾಟಿನ ತುದಿ ನಮ್ಮ ಹೊಟ್ಟೆಯ ಕಡೆ ನೋಡಬೇಕು. ಅಲ್ಲಿಂದ ಮುಂಗೈ ಬಿಚ್ಚಿಕೊಳ್ಳುತ್ತದೆ, ಕೊನೆಯಲ್ಲಿ ಮಣಿಕಟ್ಟು ಬಿಚ್ಚಿಕೊಳ್ಳುತ್ತದೆ. ಒದ್ದೆ ಕೈಯನ್ನು ಮುಂದಕ್ಕೆ ಕೊಡವಿದ ಹಾಗೆ. ಕೈ ಕೊಡವುವಾಗ ಯಾರೂ ಬಲ ಹಾಕುವುದಿಲ್ಲ, ಆದರೂ ನೀರಿನ ಹನಿ ಗೋಡೆಯವರೆಗೆ ಹಾರುತ್ತದೆ.

“ಮೊದಲು ಹಿಡಿತ ಸಡಿಲ ಮಾಡಿ. ಚೆಂಡು ತಾಗೋ ಕ್ಷಣ ಮಾತ್ರ ಬೆರಳು ಬಿಗಿಯಾಗ್ಬೇಕು, ತಕ್ಷಣ ಮತ್ತೆ ಸಡಿಲ” ಅಂದರು.

ಹೇಳಿದಷ್ಟು ಸುಲಭವಲ್ಲ. ಸಡಿಲ ಬಿಟ್ಟರೆ ಬ್ಯಾಟ್ ಹಾರಿಹೋಗುತ್ತದೆ ಎಂಬ ಭಯ. ಎರಡು ವಾರ ಇದೇ ಗೋಳು. ಆಮೇಲೊಂದು ದಿನ ದೇವರಾಜ ಮಾರುಕಟ್ಟೆಯ ಹತ್ತಿರ ಗೌರಿಹಬ್ಬಕ್ಕೆ ಬಳೆ ತೊಡಿಸಿಕೊಳ್ಳುತ್ತಿದ್ದೆ. ಬಳೆಗಾರ ನನ್ನ ಕೈ ಒತ್ತುತ್ತಾ, “ಕೈ ಸಡಿಲ ಬಿಡಿ ಅಕ್ಕಾ, ನೀವು ಬಿಗಿ ಮಾಡಿದಷ್ಟೂ ಬಳೆ ಒಡೆಯುತ್ತೆ” ಎಂದ. ಚಿಕ್ಕಂದಿನಿಂದ ಕೇಳಿದ ಮಾತೇ. ಕೈಯನ್ನು ಅವನ ಕೈಗೆ ಒಪ್ಪಿಸಿದೆ, ಬಳೆ ಸರ‍್ರನೆ ಇಳಿಯಿತು. ತಲೆಯೊಳಗೆ ದೀಪ ಹೊತ್ತಿಕೊಂಡಿತು. ಸರ್ ಹೇಳುತ್ತಿದ್ದ ಸಡಿಲ ಇದೇ! ಕೈ ಬಿಟ್ಟುಬಿಡುವುದಲ್ಲ, ಬಿಗಿ ಬಿಡುವುದು. ಮುಂದಿನ ಭಾನುವಾರ ಬ್ಯಾಟ್ ಹಿಡಿಯುವ ಮುಂಚೆ ಬಳೆಗಾರನನ್ನು ನೆನೆದೆ. ಮೊದಲ ಸಲ ಚೆಂಡು ನನ್ನ ಬ್ಯಾಕ್‌ಹ್ಯಾಂಡ್‌ನಿಂದ ಚಟ್ ಎಂದು ಸದ್ದು ಮಾಡಿಕೊಂಡು ಹೋಯಿತು. ಹೋಗಿ ನೆಟ್ಟಿಗೆ ಬಿತ್ತು, ಅದು ಬೇರೆ ಮಾತು.

ಎರಡನೆಯ ಪಾಠ ಸಮಯದ್ದು. ಮೇಜಿನ ಉದ್ದ 2.74 ಮೀಟರ್. ಸೆಕೆಂಡಿಗೆ 10 ಮೀಟರ್ ವೇಗದ ಚೆಂಡು ಅಷ್ಟು ದೂರವನ್ನು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಯೋಚನೆ ಮಾಡಿ, ತೀರ್ಮಾನ ಮಾಡಿ, ಹೊಡೆಯುತ್ತೇನೆ ಎಂದರೆ ಆಗದ ಮಾತು. ಸರ್ ನನಗೆ ಕಿವಿಯಿಂದ ಕಲಿಸಿದರು. “ಚೆಂಡು ನಿಮ್ಮ ಕಡೆ ಮೇಜಿಗೆ ಬಿದ್ದಾಗ ಒಂದು ಟಕ್. ನಿಮ್ಮ ಬ್ಯಾಟಿಗೆ ತಾಗಿದಾಗ ಇನ್ನೊಂದು ಟಕ್. ನಿಮ್ದು ಹೇಗಿದೆ ಕೇಳಿ: ಟಕ್… ಟಕ್. ಮಧ್ಯ ಒಂದು ಕಾಫಿ ಕುಡೀಬಹುದು. ಅದನ್ನ ಟಕ್-ಟಕ್ ಮಾಡಿ.”

ಅಂದರೆ ಚೆಂಡು ಪುಟಿದು ಮೇಲೇರುತ್ತಿರುವಾಗ, ಹೆಚ್ಚೆಂದರೆ ಅದರ ತುದಿ ಮುಟ್ಟಿದಾಗಲೇ, ದೇಹದ ಮುಂದೆಯೇ ಅದನ್ನು ಸಂಧಿಸಬೇಕು. ಆಗ ಎದುರಿನವರು ಕೊಟ್ಟ ವೇಗವೇ ನಮಗೆ ಬಂಡವಾಳ. ಅದಕ್ಕೆ ನಮ್ಮದೊಂದು ಚಿಟಿಕೆ ಸೇರಿಸಿದರೆ ಸಾಕು. ಇಳಿಯುವ ತನಕ ಕಾದರೆ ಆ ಬಂಡವಾಳ ಕರಗಿಹೋಗಿ ಪೂರ್ತಿ ವೇಗವನ್ನು ನಾವೇ ಹುಟ್ಟಿಸಬೇಕು. ಬೇಗ ಹೊಡೆಯುವುದರಲ್ಲಿ ಇನ್ನೊಂದು ಲಾಭವೂ ಇದೆ. ನಮ್ಮ ಚೆಂಡು ಅಷ್ಟೇನೂ ಜೋರಿಲ್ಲದಿದ್ದರೂ, ಎದುರಿನವರಿಗೆ ಸಿಗಬೇಕಾದ ಹೊತ್ತು ಕಡಿಮೆಯಾಗುತ್ತದೆ. ಜೋರು ಬೇರೆ, ಬೇಗ ಬೇರೆ. ಇದು ನನಗೆ ಗೊತ್ತೇ ಇರಲಿಲ್ಲ.

ಮೂರನೆಯದು, ಹೊಡೆದಾದ ಮೇಲಿನದು. ಒಂದು ಚೆಂಡು ಚೆನ್ನಾಗಿ ಬಿದ್ದರೆ ನಾನು ಅದನ್ನೇ ಮೆಚ್ಚಿಕೊಂಡು ನೋಡುತ್ತಾ ನಿಂತುಬಿಡುತ್ತಿದ್ದೆ. ಅದು ವಾಪಸ್ ಬಂದಾಗ ನನ್ನ ಬ್ಯಾಟ್ ಇನ್ನೂ ಗಾಳಿಯಲ್ಲಿ. “ಬೀಸು ಚಿಕ್ಕದಿರಲಿ ಮೇಡಂ, ಹೊಡೆದ ಕೂಡಲೇ ಬ್ಯಾಟ್ ಮನೆಗೆ ಬರಲಿ” ಎನ್ನುವರು ಸರ್. ಒಂದು ಹೊಡೆತದ ವೇಗ ಮುಂದಿನ ಹೊಡೆತಕ್ಕೆ ನಾವು ಎಷ್ಟು ಬೇಗ ಸಿದ್ಧರಾಗುತ್ತೇವೆ ಎಂಬುದರಲ್ಲಿದೆ.

ಹೀಗೆ ಮಂಗಳವಾರ, ಗುರುವಾರ ಬೆಳಗ್ಗೆ ಆರೂವರೆಗೆ, ಭಾನುವಾರ ಏಳಕ್ಕೆ. “ವಾಕಿಂಗ್ ಹೋಗ್ತೀನಿ” ಎಂದು ಹೇಳಿ ಹೊರಡುತ್ತಿದ್ದೆ, ಬ್ಯಾಟ್ ತರಕಾರಿ ಚೀಲದಲ್ಲಿ. ಸರ್ ಬುಟ್ಟಿಯಿಂದ ಒಂದರ ಹಿಂದೆ ಒಂದು 50 ಚೆಂಡು ಹಾಕುತ್ತಿದ್ದರು. ಮೊದಲ ತಿಂಗಳು ಅದರಲ್ಲಿ 14 ಮೇಜಿನ ಮೇಲೆ ಬಿದ್ದರೆ ಹೆಚ್ಚು. ಮಿಕ್ಕವನ್ನು ಬಗ್ಗಿ ಬಗ್ಗಿ ಹೆಕ್ಕುವುದೇ ಒಂದು ವ್ಯಾಯಾಮ. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಖಾಲಿ ಕೈಯಲ್ಲೇ ಅಭ್ಯಾಸ ನಡೆಯುತ್ತಿತ್ತು. ಒಂದು ದಿನ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ, “ಏನೇ ಅದು, ಸೊಳ್ಳೆ ಓಡಿಸ್ತಿದೀಯಾ?” ಎಂದರು. “ಹೂಂ ರೀ, ಬಹಳ ಆಗಿವೆ” ಅಂದೆ.

ಅಡ್ಡದಾರಿಯನ್ನೂ ಯೋಚಿಸದೆ ಇರಲಿಲ್ಲ. ನಮ್ಮ ಮಣಿಕಾ ಬಾತ್ರಾ ಬ್ಯಾಟಿನ ಬ್ಯಾಕ್‌ಹ್ಯಾಂಡ್ ಬದಿಗೆ ಉದ್ದ ಮೊಳಕೆಗಳಿರುವ ರಬ್ಬರ್ ಅಂಟಿಸಿಕೊಂಡು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದದ್ದು ನೆನಪಿತ್ತು. ಆ ರಬ್ಬರಿಗೆ ತಾಗಿದ ಚೆಂಡಿನ ತಿರುಗು ಉಲ್ಟಾ ಆಗಿ, ವೇಗ ಕುಗ್ಗಿ, ಎದುರಾಳಿಯ ಲೆಕ್ಕ ತಪ್ಪುತ್ತದೆ. “ನಾನೂ ಅದನ್ನೇ ಹಾಕಿಸಿಕೊಂಡರೆ ಹೇಗೆ ಸರ್?” ಎಂದು ಕೇಳಿದೆ. ಅವರು ನಕ್ಕು, “ಅದನ್ನ ಆಡೋಕೆ ಇದಕ್ಕಿಂತ ಹೆಚ್ಚು ಕಲೀಬೇಕು ಮೇಡಂ. ಅಲ್ದೆ ನಿಮಗೆ ಬೇಕಾಗಿರೋದು ವೇಗ ತಾನೇ?” ಎಂದರು. ಆದರೆ ನನ್ನ ಹಳೇ ಬ್ಯಾಟಿನ ರಬ್ಬರ್ ಒಣಗಿ ಗಟ್ಟಿಯಾಗಿದ್ದರಿಂದ ಹೊಸದು ಹಾಕಿಸಿದೆವು. ಹೊಸ ರಬ್ಬರಿಗೆ ಚೆಂಡು ಹಿಡಿಯುವ ಗುಣವಿದೆ. ತುಸು ಮೇಲ್ಮುಖವಾಗಿ ಸವರಿದಂತೆ ಹೊಡೆದರೆ ಚೆಂಡು ಮುಂದಕ್ಕೆ ಉರುಳುತ್ತಾ ಹೋಗಿ ನೆಟ್ ದಾಟಿ ಕೆಳಕ್ಕೆ ಬಾಗುತ್ತದೆ. ಈ ತಿರುಗು ಇಲ್ಲದೆ ಬರೀ ವೇಗ ಮಾತ್ರ ಇದ್ದರೆ ಚೆಂಡು ಮೇಜು ದಾಟಿ ಗೋಡೆಗೆ. ನನ್ನ ಬಹಳಷ್ಟು ಚೆಂಡುಗಳು ಗೋಡೆಗೆ ಹೋಗುತ್ತಿದ್ದದ್ದು ಇದಕ್ಕೇ.

ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ನಾನೂ ಮಗಳೂ ಸೋಫಾದ ಮೇಲೆ ಒತ್ತಿಕೊಂಡು ಕೂತು ಮಹಿಳೆಯರ ತಂಡದ ಕ್ವಾರ್ಟರ್ ಫೈನಲ್ ನೋಡಿದೆವು. ಭಾರತ ಜರ್ಮನಿಗೆ 1-3ರಿಂದ ಸೋತಿತು. ಗೆದ್ದ ಆ ಒಂದು ಪಂದ್ಯ ಬೆಂಗಳೂರಿನ ಅರ್ಚನಾ ಕಾಮತ್ ಅವರದ್ದು. ಮಗಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಕೆಲವೇ ದಿನಗಳಲ್ಲಿ ಸುದ್ದಿ ಬಂತು: ಅರ್ಚನಾ ಆಟ ಬಿಟ್ಟು ಓದಲು ವಿದೇಶಕ್ಕೆ ಹೋಗುತ್ತಿದ್ದಾರೆ. ಮಗಳು ಆ ದಿನ ಊಟ ಮಾಡುತ್ತಾ ಮಾತಾಡಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದಳು. “ಅಮ್ಮ, ಪಿಯುಸಿಗೆ ನಾನು ಹಾಸ್ಟೆಲ್ ಇರೋ ಕಾಲೇಜಿಗೆ ಹೋಗ್ಲಾ? ಮಂಗಳೂರಿನ ಕಡೆ. ಓದೂ ಚೆನ್ನಾಗಿದೆ, ಟೀಟಿ ಕೂಡ ಆಡಿಸ್ತಾರೆ. ಎರಡನ್ನೂ ಬಿಡೋದು ಬೇಡ ಅಂತ ನನ್ಗೆ.”

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸುತ್ತಾ ಹೇಳಿದೆ. “ನೋಡೋಣ.”

ಅಕ್ಟೋಬರ್ ನನ್ನ ಪಾಲಿಗೆ ಕೆಟ್ಟ ತಿಂಗಳು. ಹೊಸ ವಿದ್ಯೆ ಕೈಗೆ ಹತ್ತಿಲ್ಲ, ಹಳೆಯದು ಕೈಬಿಟ್ಟಿದೆ. ಅಪಾರ್ಟ್‌ಮೆಂಟಿನ ದಸರಾ ಟೂರ್ನಿಯಲ್ಲಿ 70 ದಾಟಿದ ಮೂರನೇ ಮಹಡಿಯ ಅಂಕಲ್ ನನ್ನನ್ನು 11-4, 11-3ರಿಂದ ಸೋಲಿಸಿದರು. ಅವರು ಮಾಡಿದ್ದಿಷ್ಟೇ: ಚೆಂಡು ವಾಪಸ್ ಕಳಿಸುತ್ತಾ ಇದ್ದರು, ತಪ್ಪು ನಾನೇ ಮಾಡಿದೆ. ಅಪ್ಪನ ಸೂತ್ರ ನನ್ನ ಮೇಲೆಯೇ ತಿರುಗಿಬಿದ್ದಿತ್ತು. ಮಗಳು ಸ್ಕೋರ್ ಬರೆಯುತ್ತಾ ಆಶ್ಚರ್ಯದಿಂದ, “ಏನಮ್ಮಾ, ಎಲ್ಲಾನೂ ಹೊಡೆಯೋಕೆ ಹೋಗ್ತಿದೀಯ? ನಿನ್ನ ಆಟಾನೇ ಅಲ್ಲ ಇದು” ಎಂದಳು. ಹೇಳಿಬಿಡಬೇಕು ಎನ್ನಿಸಿತು, ಹೇಳಲಿಲ್ಲ.

ಅದಾದ ವಾರಕ್ಕೆ ಮೊಣಕೈಯ ಹೊರಬದಿಯಲ್ಲಿ ನೋವು. ಹಾಲಿನ ಪಾತ್ರೆ ಎತ್ತಿದರೆ ಚುಳುಕ್. ಫಿಸಿಯೋಥೆರಪಿಯವರು ಒತ್ತಿ ನೋಡಿ, ಟೆನಿಸ್ ಎಲ್ಬೋ ಎಂದರು. ಸೋತ ಸಿಟ್ಟಿನಲ್ಲಿ ನಾನು ಮತ್ತೆ ಬಿಗಿ ಹಿಡಿದು ಬಲ ಹಾಕಿ ಬಡಿದಿದ್ದೆ. ಮೂರು ವಾರ ಬ್ಯಾಟ್ ಮುಟ್ಟುವಂತಿಲ್ಲ ಎಂದು ತಾಕೀತು. ಆ ಮೂರು ವಾರ ನಾನು ಮಾಡಿದ್ದು ಎರಡೇ ಕೆಲಸ. ಮುಂಗೈಯ ಸ್ನಾಯು ಗಟ್ಟಿ ಮಾಡುವ ಸಣ್ಣ ವ್ಯಾಯಾಮ, ಮತ್ತೆ ಬೇರೆಯವರ ಆಟದ ಸದ್ದು ಕೇಳುವುದು. ಕಣ್ಣು ಮುಚ್ಚಿ ಕೂತರೂ ಯಾರು ಬೇಗ ಹೊಡೆಯುತ್ತಾರೆ, ಯಾರು ಕಾಯುತ್ತಾರೆ ಎಂದು ಹೇಳುವಷ್ಟು ಕಿವಿ ಪಳಗಿತು. ಮಗಳದು ಟಕ್-ಟಕ್, ಟಕ್-ಟಕ್. ಅಂಕಲ್‌ದು ಟಕ್… ಟಕ್.

ನವೆಂಬರ್ ಕೊನೆಯಲ್ಲಿ ಮತ್ತೆ ಶುರುಮಾಡಿದಾಗ ಒಂದು ವಿಚಿತ್ರ ನಡೆಯಿತು. ನೋವಿನ ಭಯಕ್ಕೆ ನಾನು ಬಲ ಹಾಕಲೇ ಇಲ್ಲ. ಬ್ಯಾಟ್ ತೂಗಾಡುವಷ್ಟು ಸಡಿಲ ಹಿಡಿದು, ಮೊಣಕೈ ಮುಂದಿಟ್ಟು, ಸದ್ದು ಮಾತ್ರ ಕೇಳುತ್ತಾ ಹೊಡೆದೆ. 50ರಲ್ಲಿ 37 ಮೇಜಿನ ಮೇಲೆ! ಅದೂ ಚಟ್ ಚಟ್ ಎಂದು. ಸರ್ ಬುಟ್ಟಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು. ಐದು ತಿಂಗಳು ಬೆವರು ಸುರಿಸಿ ಕಲಿತದ್ದು ಬಲ ಹಾಕುವುದನ್ನಲ್ಲ, ಹಾಕದಿರುವುದನ್ನು.

ಜನವರಿಯ ಒಂದು ರಾತ್ರಿ. ಹಾಸ್ಟೆಲ್ ಕಾಲೇಜಿನ ಅರ್ಜಿಗೆ ಎರಡು ದಿನ ಬಾಕಿ. ಆಗಸ್ಟ್‌ನಿಂದ ಮಗಳು ನಾಲ್ಕು ಸಲ ಕೇಳಿದ್ದಳು, ನಾನು ನಾಲ್ಕು ಸಲವೂ ತಳ್ಳಿದ್ದೆ. ಫೀಸು ಜಾಸ್ತಿ ಆಗಬಹುದು, ಊಟ ಒಗ್ಗದೇ ಇರಬಹುದು, ಮೈಸೂರಿನಲ್ಲಿ ಕಾಲೇಜಿಗೆ ಬರವೇ, ಹೀಗೆ. ಕಾರಣಗಳೆಲ್ಲ ನಿಜವೇ. ಆದರೆ ಒಳಗಿನ ಕಾರಣ ಒಂದೇ. ಅವಳೇ ಬೇಸತ್ತು ಕೇಳುವುದು ಬಿಡಲಿ, “ಹೋಗಲ್ಲ ಬಿಡು” ಎಂದು ಅವಳ ಬಾಯಿಂದಲೇ ಬರಲಿ ಎಂದು ನಾನು ಕಾಯುತ್ತಿದ್ದೆ. ತಪ್ಪು ಅವಳೇ ಮಾಡಲಿ ಎಂದು!

ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. “ಅಮ್ಮ, ಆ ಅರ್ಜಿ…”

“ಹಾಕು” ಅಂದೆ.

ಅವಳು ಮಾತು ಮುಗಿಸಿಯೇ ಇರಲಿಲ್ಲ. ಅವಳಿಗೂ ಆಶ್ಚರ್ಯ, ನನಗೂ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಕನ್ನಡಕ ತೆಗೆದು ಈ ಕಡೆ ನೋಡಿದರು. “ಹಾಕು ಪುಟ್ಟಿ. ನಿನಗೆ ಸರಿ ಅನ್ನಿಸಿದೆ ತಾನೇ? ಹೋಗು. ನನಗೆ ಕಷ್ಟ ಆಗುತ್ತೆ, ಆಗ್ಲಿ. ಅದಕ್ಕೆ ನೀನು ನಿಲ್ಲಬೇಡ.” ಹೇಳುವಾಗ ದನಿ ನಡುಗಿತು. ಅವಳು ಬಂದು ಹಿಂದಿನಿಂದ ತಬ್ಬಿಕೊಂಡು ನನ್ನ ಭುಜದ ಮೇಲೆ ಗಲ್ಲ ಊರಿದಳು. ಅವಳು ನನ್ನಷ್ಟೇ ಎತ್ತರ ಬೆಳೆದಿದ್ದಾಳೆ ಎಂಬುದು ಆಗ ಸರಿಯಾಗಿ ತಿಳಿಯಿತು.

ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಸಂಜೆ ಅವಳೇ ಕರೆದಳು. “ಬಾರಮ್ಮ, ಸುಮ್ನೆ ಒಂದು ಗೇಮ್.” ಒಂಬತ್ತು ತಿಂಗಳ ಮೇಲೆ ನಾವಿಬ್ಬರು ಮೇಜಿನ ಎರಡು ಬದಿ. ಮೊದಲ ನಾಲ್ಕೈದು ಚೆಂಡು ಫೋರ್‌ಹ್ಯಾಂಡ್‌ಗೆ. ಆಮೇಲೆ ಅಭ್ಯಾಸಬಲದಿಂದ ಅವಳು ನನ್ನ ಎಡಗಡೆಗೆ ಹಾಕಿ, ಎಂದಿನಂತೆ ಕೈ ಇಳಿಬಿಟ್ಟು ನಿಂತಳು.

ಟಕ್-ಟಕ್.

ಚೆಂಡು ಅವಳ ಬ್ಯಾಟಿನ ಪಕ್ಕದಲ್ಲೇ ಹಾದು ಹಿಂದಿನ ಗೋಡೆಗೆ ಬಡಿಯಿತು. ಅವಳು ಚೆಂಡನ್ನೂ ನನ್ನನ್ನೂ ಒಂದಾದ ಮೇಲೊಂದರಂತೆ ನೋಡಿದಳು.

“ಅಮ್ಮಾ! ಏನದು? ಇನ್ನೊಂದ್ಸಲ ಹೊಡಿ!”

ಇನ್ನೊಂದು ಸಲ ಹೊಡೆದೆ, ನೆಟ್ಟಿಗೆ ಬಿತ್ತು. ಮತ್ತೊಂದು ಬಿತ್ತು ಸರಿಯಾಗಿ. ಆಗ ತರಕಾರಿ ಚೀಲದ ಗುಟ್ಟು, ಸೊಳ್ಳೆಯ ಗುಟ್ಟು, ಬಳೆಗಾರನ ಕಥೆ ಎಲ್ಲ ಹೊರಗೆ ಬಂತು. ಅವಳು ಮೇಜಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೇಮ್ ಅವಳೇ ಗೆದ್ದಳು, 11-8. ಆದರೆ ಆ ಸಂಜೆಯಿಂದ ಮೇ ಕೊನೆಯವರೆಗೆ ಒಂದು ದಿನವೂ “ಇವತ್ತು ಬೇಡಮ್ಮ” ಅನ್ನಲಿಲ್ಲ. ಮೊದಲಿನ ಹಾಗೆ ಆಡುತ್ತಾ ಆಡುತ್ತಾ ಮಾತು. ಈಗ ಚೆಂಡು ಬೇಗ ಬೇಗ ಓಡಾಡುವುದರಿಂದ ಮಾತು ತುಂಡು ತುಂಡು, ಅಷ್ಟೇ ವ್ಯತ್ಯಾಸ.

ಜೂನ್‌ನಲ್ಲಿ ಅವಳನ್ನು ಬಿಟ್ಟು ಬಂದೆವು. ಶಿರಾಡಿ ಘಾಟಿಯಲ್ಲಿ ಜೋರು ಮಳೆ. ವಾಪಸ್ ಬರುವಾಗ ಕಾರಿನಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಈಗ ಸಂಜೆ ಏಳಕ್ಕೆ ನನ್ನ ಎದುರು ಮೂರನೇ ಮಹಡಿಯ ಅಂಕಲ್. ಅವರು ತಳ್ಳುತ್ತಾರೆ, ನಾನು ಹೊಡೆಯುತ್ತೇನೆ. ಮೂರು ದಿನ ಅವರು ಗೆದ್ದರೆ ಎರಡು ದಿನ ನಾನು. ಎಲ್ಲ ಚೆಂಡನ್ನೂ ಹೊಡೆಯಬಾರದು, ಕೆಲವನ್ನು ಸುಮ್ಮನೆ ವಾಪಸ್ ಕಳಿಸಬೇಕು ಎಂಬ ಅಪ್ಪನ ಮಾತಿಗೂ ಬೆಲೆಯಿದೆ ಎಂದು ಅವರಿಂದ ಮತ್ತೆ ಕಲಿಯುತ್ತಿದ್ದೇನೆ. ಯಾವುದನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಗೊತ್ತಾದರೆ ಅವರನ್ನು ಮೂರು ದಿನ ಸೋಲಿಸುತ್ತೇನೆ.

ಹೋದ ಭಾನುವಾರ ಹಾಸ್ಟೆಲ್‌ನಿಂದ ಫೋನ್. ಊಟದ ವಿಚಾರ, ಒಣಗದ ಬಟ್ಟೆಯ ವಿಚಾರ, ಹೊಸ ಗೆಳತಿಯ ವಿಚಾರ ಎಲ್ಲ ಮುಗಿದ ಮೇಲೆ ಕೇಳಿದಳು: “ಅಮ್ಮ, ದೀಪಾವಳಿಗೆ ಬಂದಾಗ ಬೆಸ್ಟ್ ಆಫ್ ಫೈವ್ ಆಡೋಣ್ವಾ?”

ನಾನು “ನೋಡೋಣ” ಅನ್ನಲಿಲ್ಲ.